ಸಂಪಿನ ಮುಚ್ಚಳದ ಮೇಲೆ ನಿಂತ ಕಾರು: ಈ ಜಾಗ ಯಾರದು?

ನೇಸರ, ಕತ್ರಿಗುಪ್ಪೆ
ಮಾರ್ಚ್ 9, ಬೆಳಿಗ್ಗೆ 8.10

ನಮ್ಮದು ಹದಿನಾರು ಮನೆಗಳ ಅಪಾರ್ಟ್‌ಮೆಂಟ್. 2005ರಲ್ಲಿ ಕಟ್ಟಿದ್ದು. ಕೆಳಗೆ ಕಂಬಗಳ ನಡುವೆ ಹನ್ನೊಂದು ಕಾರು ನಿಲ್ಲುತ್ತವೆ. ಮನೆಗಳಲ್ಲಿರುವ ಕಾರುಗಳು ಈಗ ಹತ್ತೊಂಬತ್ತು. ಈ ವರ್ಷ ಸಂಘದ ಖಜಾಂಚಿ ನಾನು. ನಿನ್ನೆ ನಡೆದದ್ದನ್ನು ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ. ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಿಲ್ಲ.

ನಮ್ಮ ಬೋರ್‌ವೆಲ್ ಫೆಬ್ರುವರಿಯಲ್ಲೇ ಕೈಕೊಟ್ಟಿತು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸಾಲುವುದಿಲ್ಲ. ಮೂರು ದಿನ ಬೇಡಿಕೊಂಡ ಮೇಲೆ ನಿನ್ನೆ ಬೆಳಿಗ್ಗೆ ಐದೂವರೆಗೆ ಟ್ಯಾಂಕರ್ ಬಂತು. ನೀರು ತುಂಬಿಸಬೇಕಾದ ನೆಲದಡಿಯ ತೊಟ್ಟಿಯ, ಅಂದರೆ ಸಂಪಿನ ಮುಚ್ಚಳದ ಮೇಲೆ 201ನೇ ಮನೆಯವರ ಕಾರು ನಿಂತಿತ್ತು. ಅವರು ಹಿಂದಿನ ಸಂಜೆಯೇ ಇನ್ನೊಂದು ಕಾರಿನಲ್ಲಿ ಮೈಸೂರಿಗೆ ಮದುವೆಗೆ ಹೋಗಿದ್ದರು. ಕೀಲಿ ಮನೆಯೊಳಗೆ. ನಾವು ಏಳೆಂಟು ಜನ ಸೇರಿ ತಳ್ಳಿ ನೋಡಿದೆವು. ಹ್ಯಾಂಡ್‌ಬ್ರೇಕ್ ಎಳೆದಿತ್ತು, ಗೇರಿನಲ್ಲೂ ಇತ್ತು, ಗೇಣು ಕೂಡ ಕದಲಲಿಲ್ಲ. ಟ್ಯಾಂಕರಿನವರು ಕಾಲು ಗಂಟೆ ಕಾದು ಹೊರಟುಹೋದರು. ಅವರಿಗೆ ಮುಂದಿನ ಬೀದಿಯಲ್ಲಿ ಇನ್ನೊಂದು ಮನೆ ಕಾಯುತ್ತಿತ್ತು. ಏಳು ಗಂಟೆಗೆ ಮೇಲಿನ ಟ್ಯಾಂಕ್ ಖಾಲಿ. ಪರೀಕ್ಷೆಗೆ ಹೊರಟ ಮಕ್ಕಳು ಕ್ಯಾನಿನ ನೀರಿನಲ್ಲಿ ಮುಖ ತೊಳೆದುಕೊಂಡರು.

ಸಂಜೆ 201ರವರು ಬಂದರು. ಕಾರಿನ ಎಡಬಾಗಿಲಿನಲ್ಲಿ ಒಂದು ಮೊಳದುದ್ದ ಗೀರು ಕಂಡಿತು. ಯಾರು ಮಾಡಿದ್ದೋ ಯಾರೂ ಒಪ್ಪಲಿಲ್ಲ. ಅವರ ಸಿಟ್ಟೆಲ್ಲ ವಾಚ್‌ಮನ್ ಮೇಲೆ ತಿರುಗಿತು. ಆತ ರಾಯಚೂರಿನ ಕಡೆಯವರು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೆಂಡತಿ, ಎರಡು ಮಕ್ಕಳೊಂದಿಗೆ ಇರುತ್ತಾರೆ. ಮಕ್ಕಳ ಎದುರಿಗೇ ಬಾಯಿಗೆ ಬಂದಂತೆ ಬೈಸಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ನಾನು ನಡುವೆ ಹೋಗಲಿಲ್ಲ. ಅದೇ ನನ್ನನ್ನು ಕೊರೆಯುತ್ತಿದೆ.

201ರವರ ಮಾತು ಒಂದೇ: "ಈ ಜಾಗವನ್ನು ಬಿಲ್ಡರ್‌ಗೆ ಒಂದೂವರೆ ಲಕ್ಷ ಕೊಟ್ಟು ಕೊಂಡಿದ್ದೇನೆ. ನನ್ನ ಜಾಗದಲ್ಲಿ ನನ್ನ ಕಾರು ನಿಲ್ಲಿಸಲು ಯಾರ ಅಪ್ಪಣೆ ಬೇಕು?" ಕಾನೂನಿನಲ್ಲಿ ಇದು ನಿಜವೇ? ನಿಜವಾದರೆ ಹದಿನಾರು ಮನೆಯ ನೀರಿನ ಬಾಗಿಲು ಒಬ್ಬರ ಕಾರಿನ ಅಡಿಯಲ್ಲಿ ಇರಬಹುದೇ?

---

ಕಾನೂನು ಓದುಗ, ಜಯನಗರ
ಮಾರ್ಚ್ 9, ಬೆಳಿಗ್ಗೆ 10.45

ಮೊದಲು ಅವರ ಕ್ರಯಪತ್ರದ ಷೆಡ್ಯೂಲ್, ಅಂದರೆ ಸ್ವತ್ತಿನ ವಿವರ ಬರೆದಿರುವ ಭಾಗ ನೋಡಿ. ಹೆಚ್ಚಿನವುಗಳಲ್ಲಿ "ಒಂದು ಕಾರ್ ಪಾರ್ಕಿಂಗ್ ಸಹಿತ" ಎಂದಷ್ಟೇ ಇರುತ್ತದೆ, ಯಾವ ಜಾಗ ಎಂಬ ಸಂಖ್ಯೆ ಇರುವುದಿಲ್ಲ.

ಎರಡನೆಯದಾಗಿ ನಿಮ್ಮ ಕಟ್ಟಡದ ಘೋಷಣಾ ಪತ್ರ ಹುಡುಕಿ, ಅಂದರೆ ಕಟ್ಟಡದ ಯಾವ ಭಾಗ ಯಾರ ಬಳಕೆಗೆ ಎಂದು ಬರೆದು ನೋಂದಣಿ ಮಾಡಿಸಿದ ಪತ್ರ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ, ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ ಪಾರ್ಕಿಂಗ್ ಪ್ರದೇಶ ಎಲ್ಲ ಮಾಲೀಕರಿಗೂ ಸೇರಿದ ಸಾಮಾನ್ಯ ಪ್ರದೇಶ. ಅಡಿಪಾಯ, ಕಂಬ, ಮೆಟ್ಟಿಲು, ನೀರಿನ ಟ್ಯಾಂಕ್, ಪಂಪು ಇವುಗಳ ಸಾಲಿನಲ್ಲೇ ಅದೂ ಬರುತ್ತದೆ. ಮೆಟ್ಟಿಲಿನ ನಾಲ್ಕು ಹಂತವನ್ನು ಒಬ್ಬರಿಗೆ ಮಾರಲು ಹೇಗೆ ಬರುವುದಿಲ್ಲವೋ ಹಾಗೆಯೇ ಇದು. ಆದರೆ ಅದೇ ಕಾಯ್ದೆಯಲ್ಲಿ ಸೀಮಿತ ಸಾಮಾನ್ಯ ಪ್ರದೇಶ ಎಂಬುದೂ ಇದೆ: ಇಂಥ ಜಾಗ ಇಂಥ ಮನೆಯ ಬಳಕೆಗೆ ಎಂದು ಘೋಷಣಾ ಪತ್ರದಲ್ಲಿ ಗೊತ್ತುಮಾಡಿದ್ದರೆ ಅವರ ಬಳಕೆಯ ಹಕ್ಕಿಗೆ ಬಲವಿದೆ. ಅದಕ್ಕೇ ಆ ಪತ್ರ ಮುಖ್ಯ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ಪ್ರತಿ ಸಿಗುತ್ತದೆ.

ಬಿಲ್ಡರ್ ಬೇರೆಯಾಗಿ ದುಡ್ಡು ಪಡೆದು ಮಾರಿದ್ದರ ಬಗ್ಗೆ ಸುಪ್ರೀಂ ಕೋರ್ಟ್ 2010ರ ಆಗಸ್ಟ್ 31ರಂದು ನಹಾಲ್‌ಚಂದ್ ಲಾಲೂಚಂದ್ ಮತ್ತು ಪಾಂಚಾಲಿ ಸಹಕಾರ ಗೃಹ ಸಂಘದ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಂಬಗಳ ನಡುವಿನ ಪಾರ್ಕಿಂಗ್ ಜಾಗ ಫ್ಲ್ಯಾಟ್ ಅಲ್ಲ, ಅದನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಹೇಳಿದೆ. ಅದು ಮಹಾರಾಷ್ಟ್ರದ 1963ರ ಕಾಯ್ದೆಯ ಮೇಲೆ ಬಂದ ತೀರ್ಪು ಎಂಬುದು ನೆನಪಿರಲಿ. ನಿಮ್ಮ ಕಟ್ಟಡದ ಮಟ್ಟಿಗೆ 1972ರ ಕಾಯ್ದೆ ಮತ್ತು ನಿಮ್ಮ ಘೋಷಣಾ ಪತ್ರವೇ ಮೊದಲು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯೂ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶ ಎಂದೇ ಕರೆಯುತ್ತದೆ. ಆದರೆ ನಿಮ್ಮ ಕಟ್ಟಡ ಅದಕ್ಕಿಂತ ಬಹಳ ಹಳೆಯದು.

ಇನ್ನೊಂದು ಮಾತು. ಸಿಟ್ಟಿನಲ್ಲಿ ಚಕ್ರದ ಗಾಳಿ ಬಿಡುವುದು, ಸರಪಳಿ ಹಾಕಿ ಬೀಗ ಜಡಿಯುವುದು ಯಾವುದನ್ನೂ ಮಾಡಬೇಡಿ. ಗೀರು ಎಳೆದವರು ಯಾರೇ ಇರಲಿ, ಇನ್ನೊಬ್ಬರ ಸ್ವತ್ತಿಗೆ ಬೇಕೆಂದೇ ಹಾನಿ ಮಾಡಿದ್ದರೆ ಅದು ಅಪರಾಧ. ನ್ಯಾಯ ನಿಮ್ಮ ಕಡೆ ಇದ್ದಾಗ ಅದನ್ನು ನೀವೇ ಕೆಡಿಸಿಕೊಳ್ಳಬಾರದು.

---

ನಾಲ್ಕು ಚಕ್ರ, ರಾಜರಾಜೇಶ್ವರಿ ನಗರ
ಮಾರ್ಚ್ 9, ಮಧ್ಯಾಹ್ನ 1.20

ನಾನು 201ರವರ ಸ್ಥಾನದಲ್ಲಿ ಇರುವವನು, ಬೇರೆ ಕಟ್ಟಡದಲ್ಲಿ. 2008ರಲ್ಲಿ ಮನೆ ಕೊಂಡಾಗ ಪಾರ್ಕಿಂಗಿಗೆ ಬೇರೆ ದುಡ್ಡು ಕೇಳಿದರು. ಬ್ಯಾಂಕ್ ಸಾಲದಲ್ಲಿ ಅದು ಸೇರಲಿಲ್ಲ. ಹೆಂಡತಿಯ ಎರಡು ಬಳೆ ಅಡವಿಟ್ಟು ಕೊಟ್ಟೆ. ಬಿಳಿ ಹಾಳೆಯ ಮೇಲೆ ಒಂದು ರಸೀದಿ ಬರೆದುಕೊಟ್ಟರು. ಅದನ್ನು ಈಗಲೂ ಪತ್ರಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಆಗ ದುಡ್ಡು ಕೊಡದವರು ಕಡಿಮೆ ಬೆಲೆಗೆ ಮನೆ ಕೊಂಡರು. ಈಗ ಅವರೇ ಬಂದು "ಜಾಗ ಎಲ್ಲರದು" ಎಂದರೆ ನನ್ನ ಹೊಟ್ಟೆ ಉರಿಯುವುದಿಲ್ಲವೇ?

ಕಾನೂನು ಹಾಗೆ ಹೇಳುತ್ತದೆ ಎಂದರೆ ತಲೆಬಾಗುತ್ತೇನೆ. ಆದರೆ ನಮ್ಮನ್ನು ಕಳ್ಳರಂತೆ ನೋಡಬೇಡಿ. ಮಾರಲು ಹಕ್ಕಿಲ್ಲದ್ದನ್ನು ಮಾರಿದವನು ಮುಂದಿನ ಕಟ್ಟಡ ಕಟ್ಟಲು ಹೋದ. ಜಗಳಕ್ಕೆ ಉಳಿದವರು ನಾವು ನೀವು.

ಟ್ಯಾಂಕರ್ ವಾಪಸು ಹೋದದ್ದು ಮಾತ್ರ ತಪ್ಪೇ. ಊರಿಗೆ ಹೋಗುವಾಗ ಕೀಲಿಯನ್ನು ಯಾರಿಗಾದರೂ ಕೊಟ್ಟು ಹೋಗಬೇಕಿತ್ತು.

---

ಹಳೆಯ ಕಾರ್ಯದರ್ಶಿ, ಮಲ್ಲೇಶ್ವರ
ಮಾರ್ಚ್ 9, ಸಂಜೆ 4.00

ಮೇಲಿನವರ ಮಾತಿನಲ್ಲಿ ನೋವಿದೆ, ಅದನ್ನು ಬದಿಗೆ ತಳ್ಳಿ ಯಾವ ನಿಯಮವೂ ನಿಲ್ಲುವುದಿಲ್ಲ. ಒಂಬತ್ತು ವರ್ಷ ಕಾರ್ಯದರ್ಶಿಯಾಗಿ ಕಲಿತದ್ದು ಇದು.

ನಮ್ಮಲ್ಲಿ ಇಪ್ಪತ್ತನಾಲ್ಕು ಮನೆ, ಹದಿನೆಂಟು ಜಾಗ. ಪ್ರತಿ ವರ್ಷ ಆಯುಧಪೂಜೆಯ ದಿನ, ಎಲ್ಲರೂ ಹೇಗೂ ಕೆಳಗೆ ಸೇರಿ ಗಾಡಿ ತೊಳೆದು ಬೂದುಗುಂಬಳ ಒಡೆಯುವ ಹೊತ್ತಿಗೆ, ಚೀಟಿ ಎತ್ತುವ ಪದ್ಧತಿ ತಂದೆವು. ಒಂದು ಮನೆಗೆ ಒಂದೇ ಜಾಗ. ಜಾಗ ಉಳಿದರೆ ಮಾತ್ರ ಎರಡನೆಯ ಕಾರಿಗೆ, ಅದೂ ತಿಂಗಳ ಶುಲ್ಕ ಕೊಟ್ಟು. ಗಾಲಿಕುರ್ಚಿ ಬಳಸುವ ಒಬ್ಬರಿಗೆ ಲಿಫ್ಟ್ ಪಕ್ಕದ ಜಾಗ, ಅದು ಚೀಟಿಗೆ ಬರುವುದಿಲ್ಲ. ದುಡ್ಡು ಕೊಟ್ಟು ಕೊಂಡಿದ್ದವರಿಗೆ ಮೊದಲ ಐದು ವರ್ಷ ಅವರ ಹಳೆಯ ಜಾಗವನ್ನೇ ಬಿಟ್ಟೆವು. ಅದನ್ನು ಒಪ್ಪಿಸಲು ನನಗೆ ಹದಿನಾಲ್ಕು ಸಭೆ ಹಿಡಿಯಿತು.

ಮೂರನೆಯ ವರ್ಷ ಎಲ್ಲ ಕುಸಿಯಿತು. ಒಬ್ಬರು ಮನೆ ಮಾರುವಾಗ "ಖಾಯಂ ಪಾರ್ಕಿಂಗ್ ಇದೆ" ಎಂದು ಜಾಹೀರಾತು ಕೊಟ್ಟರು, ಹೊಸಬರು ಆ ಮಾತು ನಂಬಿ ಬಂದು ಪಟ್ಟು ಹಿಡಿದರು. ನಮ್ಮ ಚೀಟಿಯ ಒಪ್ಪಂದ ಸಭೆಯ ನಡಾವಳಿ ಪುಸ್ತಕದಲ್ಲಿ ಮಾತ್ರ ಇತ್ತು. ಹೊಸಬರು ಅದಕ್ಕೆ ಸಹಿ ಹಾಕಿರಲಿಲ್ಲ. ಆಮೇಲೆ ಘೋಷಣಾ ಪತ್ರಕ್ಕೆ ತಿದ್ದುಪಡಿ ಮಾಡಿಸಿ ನೋಂದಣಿ ಮಾಡಿಸಿದ ಮೇಲೆಯೇ ಅದು ನಿಂತದ್ದು. ನೀವು ಏನೇ ಒಪ್ಪಂದ ಮಾಡಿಕೊಳ್ಳಿ, ಬಾಯಿಮಾತಿನಲ್ಲಿ ಬಿಡಬೇಡಿ ನೇಸರ ಅವರೇ.

---

ಗಾರೆ ಕಂಬ, ವಿಜಯನಗರ
ಮಾರ್ಚ್ 9, ರಾತ್ರಿ 9.15

ನಾನು ಸಿವಿಲ್ ಇಂಜಿನಿಯರ್. ಹಕ್ಕಿನ ಮಾತು ನೀವು ಆಡಿ, ನಾನು ಸಂಪಿನ ಮಾತು ಆಡುತ್ತೇನೆ.

ಸಂಪಿನ ಮುಚ್ಚಳ ಕಾರಿನ ಚಕ್ರ ಹೊರುವುದಕ್ಕೆ ಮಾಡಿದ್ದಲ್ಲ. ತೆಳು ಕಬ್ಬಿಣದ ತಗಡು, ಇಪ್ಪತ್ತು ವರ್ಷದ ತೇವಕ್ಕೆ ಅಡಿಯಿಂದ ತುಕ್ಕು ತಿಂದಿರುತ್ತದೆ. ಮುಚ್ಚಳ ಎರಡು ಚಕ್ರಗಳ ನಡುವೆ ಬಿದ್ದರೂ ಅಪಾಯ ತಪ್ಪುವುದಿಲ್ಲ. ಎಂಜಿನ್ ಎಣ್ಣೆ ತೊಟ್ಟಿಕ್ಕಿದರೆ ಬೀಳುವುದು ಮುಚ್ಚಳದ ಮೇಲೆ. ಮುಚ್ಚಳದ ಅಂಚಿನಲ್ಲಿ ಸಂದು ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ಒಂದು ಟಾರ್ಚ್ ಹಿಡಿದು ಹೋಗಿ ಅಂಚನ್ನು ಬೆರಳಿನಿಂದ ಒರೆಸಿ ನೋಡಿ.

ಟ್ಯಾಂಕರಿಗಾಗಿ ಮುಚ್ಚಳ ತೆರೆಯುವ ಅಗತ್ಯವೂ ಇಲ್ಲ. ಗೇಟಿನ ಪಕ್ಕದ ಕಾಂಪೌಂಡ್ ಗೋಡೆಯಿಂದ ಸಂಪಿಗೆ ಒಂದು ಪೈಪ್ ಹಾಕಿಸಿ. ರಸ್ತೆಯ ಕಡೆ ಟ್ಯಾಂಕರಿನ ಹೋಸ್ ಸಿಕ್ಕಿಸುವ ಕಪ್ಲಿಂಗ್, ಒಂದು ವಾಲ್ವ್. ಟ್ಯಾಂಕರ್ ಎತ್ತರದಲ್ಲಿ ಇರುವುದರಿಂದ ನೀರು ತಾನಾಗಿ ಇಳಿಯುತ್ತದೆ. ಪೈಪಿನ ತುದಿ ಸಂಪಿನೊಳಗೆ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು, ಮುಳುಗಬಾರದು. ಎರಡು ದಿನದ ಕೆಲಸ. ಸಂಪು ತೊಳೆಯುವ ದಿನ ಮಾತ್ರ ಕಾರು ಸರಿಸಿದರೆ ಸಾಕು.

ಇನ್ನು ಜಾಗದ ಲೆಕ್ಕ. ನಮ್ಮಲ್ಲಿ ಒಂದು ಕಾರಿನ ಜಾಗ ಎಂದರೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ. ನಿಮ್ಮ ಕಾಲದ ಕಟ್ಟಡಗಳಲ್ಲಿ ಕಂಬಗಳ ದಪ್ಪ ಕಳೆದರೆ ಅಷ್ಟು ಸಿಗುವುದು ಅಪರೂಪ. ಮಾರುತಿ 800ರ ಅಗಲ 1.44 ಮೀಟರ್, ಇನ್ನೋವಾ ಕ್ರಿಸ್ಟಾ 1.83 ಮೀಟರ್. ಅದೇ ಗೆರೆಯೊಳಗೆ ಒಂದಡಿಗಿಂತ ಹೆಚ್ಚು ಅಗಲದ ಗಾಡಿ ಬಂದು ನಿಂತಿದೆ. ಪಕ್ಕದವರು ಬಾಗಿಲು ತೆರೆಯುವುದು ಎಲ್ಲಿ? ಅರ್ಧ ಗೀರುಗಳು ದ್ವೇಷದಿಂದ ಆಗುವುದಿಲ್ಲ, ಹೀಗೆ ಆಗುತ್ತವೆ. ಮೊದಲು ಟೇಪು ಹಿಡಿದು ಅಳೆಯಿರಿ. ಸಣ್ಣ ಕಾರಿಗೆ ಕಿರಿದಾದ ಜಾಗ, ದೊಡ್ಡ ಕಾರಿಗೆ ಅಗಲವಾದದ್ದು ಎಂದು ಅದಲುಬದಲು ಮಾಡಿದರೆ ಒಂದೆರಡು ಜಾಗ ಹೆಚ್ಚಿಗೆ ಹುಟ್ಟಬಹುದು.

---

ನೇಸರ, ಕತ್ರಿಗುಪ್ಪೆ
ಮಾರ್ಚ್ 10, ಬೆಳಿಗ್ಗೆ 7.05

ಟಾರ್ಚ್ ಹಿಡಿದು ಹೋಗಿದ್ದೆ. ಕಾರಿನ ಅಡಿಗೆ ಕೈ ಚಾಚಿ ಮುಚ್ಚಳದ ಅಂಚು ಒರೆಸಿದೆ. ಬೆರಳು ಕಾಡಿಗೆ ಹಚ್ಚಿದಂತೆ ಕಪ್ಪಾಯಿತು, ಮೂಸಿದರೆ ಎಣ್ಣೆಯ ವಾಸನೆ. ಫೋಟೊ ತೆಗೆದುಕೊಂಡಿದ್ದೇನೆ. ಇದೇ ನೀರಿನಲ್ಲಿ ನಾವು ಅಕ್ಕಿ ತೊಳೆಯುತ್ತಿದ್ದೇವೆ.

ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಈ ಫೋಟೊ ಹಾಕಲೇ? ಕೈ ತುರಿಸುತ್ತಿದೆ.

---

ಮಲ್ಲಿಗೆ, ಬಸವನಗುಡಿ
ಮಾರ್ಚ್ 10, ಬೆಳಿಗ್ಗೆ 9.30

ಹಾಕಬೇಡಿ ಮಗಳೇ. ನನ್ನ ಮಾತು ಸ್ವಲ್ಪ ಕೇಳಿ.

ನಮ್ಮ ಯಜಮಾನರು ಹೋಗಿ ನಾಲ್ಕು ವರ್ಷ. ಅವರ ಕಾರು ಕೆಳಗೆ ಹೊದಿಕೆ ಹೊದ್ದು ನಿಂತಿತ್ತು. ಓಡಿಸುವವರು ಯಾರೂ ಇಲ್ಲ, ಮಗ ಹೊರದೇಶದಲ್ಲಿ. ಚಕ್ರದ ಗಾಳಿ ಇಳಿದು, ಒಳಗೆ ಇಲಿ ಸೇರಿ ವೈರು ಕಡಿದಿತ್ತು ಎಂದು ಆಮೇಲೆ ಗೊತ್ತಾಯಿತು. ಇಡೀ ಕಟ್ಟಡಕ್ಕೆ ನನ್ನಿಂದ ತೊಂದರೆ ಆಗುತ್ತಿದೆ ಎಂದು ನನಗೆ ಯಾರೂ ಹೇಳಲಿಲ್ಲ. ಒಂದು ದಿನ ಹಾಲು ತರಲು ಇಳಿದರೆ ಕಾರಿನ ಗಾಜಿಗೆ ಕಾಗದ ಅಂಟಿಸಿದ್ದರು: "ಏಳು ದಿನದೊಳಗೆ ತೆರವುಗೊಳಿಸದಿದ್ದರೆ ಗುಜರಿಗೆ". ಅದೇ ಫೋಟೊ ಗುಂಪಿನಲ್ಲಿಯೂ ಬಂತು. ಅದರ ಕೆಳಗೆ ಹೆಬ್ಬೆರಳು ಎತ್ತಿದ ಚಿತ್ರಗಳು, ನಾನು ಎಣಿಸಿದೆ, ಹನ್ನೊಂದು. ಅವರಲ್ಲಿ ಐದು ಮನೆಯವರು ಯಜಮಾನರ ವೈಕುಂಠ ಸಮಾರಾಧನೆಗೆ ಬಂದು ಊಟ ಮಾಡಿದವರು.

ಒಬ್ಬರೇ ಒಬ್ಬರು ಬಾಗಿಲು ತಟ್ಟಿ ಒಳಗೆ ಬಂದು ಕುಳಿತು ಕಾಫಿ ಕುಡಿದು ಕೇಳಿದ್ದರೆ ಮರುದಿನವೇ ಕೊಟ್ಟುಬಿಡುತ್ತಿದ್ದೆ. ಕಾಗದ ಅಂಟಿಸಿದ ಮೇಲೆ ಹಟಕ್ಕೆ ಬಿದ್ದು ಇನ್ನೂ ಎಂಟು ತಿಂಗಳು ಹಾಗೆಯೇ ಇಟ್ಟೆ. ಅವರ ಮನೆಗೆ ಹೋಗಿ. ಗಂಡಸರನ್ನು ಕಳಿಸಬೇಡಿ, ನೀವೇ ಹೋಗಿ. ಮೊದಲು ಗೀರಿನ ವಿಷಯಕ್ಕೆ ಬೇಸರ ಹೇಳಿ, ಆಮೇಲೆ ನೀರಿನ ಮಾತೆತ್ತಿ.

---

ಬಾಡಿಗೆ ಮನೆ, ಎಚ್‌ಎಸ್‌ಆರ್ ಬಡಾವಣೆ
ಮಾರ್ಚ್ 10, ಮಧ್ಯಾಹ್ನ 12.50

ಬಾಡಿಗೆಯವರ ಮಾತೂ ಇಲ್ಲಿರಲಿ. ನಮ್ಮ ಮನೆಯ ಮಾಲೀಕರು ದುಬೈಯಲ್ಲಿದ್ದಾರೆ. ನಮಗೆ ಮನೆ ಕೊಟ್ಟು, ಅದರ ಪಾರ್ಕಿಂಗನ್ನು ಎದುರಿನ ಅಂಗಡಿಯವರಿಗೆ ಬೇರೆ ಬಾಡಿಗೆಗೆ ಕೊಟ್ಟಿದ್ದಾರೆ. ತಿಂಗಳ ನಿರ್ವಹಣಾ ಶುಲ್ಕ ಕಟ್ಟುವುದು ನಾನು. ಕಾರು ನಿಲ್ಲಿಸುವುದು ಬೀದಿಯಲ್ಲಿ. ಬೀದಿಯಲ್ಲಾದರೂ ಜಾಗ ಇದೆಯೇ? ಪ್ರತಿ ಮನೆಯವರೂ ಗೇಟಿನ ಮುಂದೆ ಹೂಕುಂಡ, ಕಲ್ಲು, ಹಳೆಯ ಟೈರು ಇಟ್ಟು ಸರ್ಕಾರಿ ರಸ್ತೆಯನ್ನು ಬೇಲಿ ಹಾಕಿಕೊಂಡಿದ್ದಾರೆ. ನಗರದಲ್ಲಿ ವಾಹನಗಳು ಕೋಟಿ ದಾಟಿವೆ, ನಿಲ್ಲುವ ನೆಲ ಒಂದಿಂಚೂ ಬೆಳೆದಿಲ್ಲ. ಬೆಂಗಳೂರಿಗೆ ಪಾರ್ಕಿಂಗ್ ನೀತಿ 2.0 ಎಂದು 2021ರಲ್ಲಿ ಒಪ್ಪಿಗೆಯಾಯಿತು, ನಮ್ಮ ಬೀದಿಯಲ್ಲಿ ಅದರ ಒಂದು ಗೆರೆಯನ್ನೂ ನಾನು ಕಂಡಿಲ್ಲ.

ನೇಸರ ಅವರೇ, ನೀವು ನಿಯಮ ಬರೆಯುವಾಗ ಒಂದು ಸಾಲು ಸೇರಿಸಿ: ಪಾರ್ಕಿಂಗ್ ಬಳಸುವವರು ಆ ಮನೆಯಲ್ಲಿ ವಾಸ ಮಾಡುವವರೇ ಆಗಿರಬೇಕು, ಹೊರಗಿನವರಿಗೆ ಬಾಡಿಗೆ ಕೊಡುವಂತಿಲ್ಲ. ಭದ್ರತೆಯ ದೃಷ್ಟಿಯಿಂದಲೂ ಇದು ಒಳ್ಳೆಯದು.

---

ಹಳೆಯ ಕಾರ್ಯದರ್ಶಿ, ಮಲ್ಲೇಶ್ವರ
ಮಾರ್ಚ್ 10, ಸಂಜೆ 5.30

ಬಾಡಿಗೆ ಮನೆಯವರ ಸಾಲು ನಮ್ಮ ತಿದ್ದುಪಡಿಯಲ್ಲೂ ಇದೆ. ಮಲ್ಲಿಗೆ ಅಮ್ಮನವರ ಮಾತಿಗೆ ನನ್ನ ನಮಸ್ಕಾರ. ಅಂಥ ಕಾಗದವನ್ನು ಕಾರ್ಯದರ್ಶಿಯಾಗಿದ್ದಾಗ ನಾನೂ ಒಮ್ಮೆ ಒಬ್ಬರ ಕಾರಿಗೆ ಅಂಟಿಸಿದ್ದೇನೆ. ನಿಮ್ಮ ಬರಹ ಓದಿದಾಗಿನಿಂದ ಅವರ ಮುಖವೇ ಕಣ್ಣ ಮುಂದೆ ಬರುತ್ತಿದೆ.

---

ನೇಸರ, ಕತ್ರಿಗುಪ್ಪೆ
ಮಾರ್ಚ್ 13, ರಾತ್ರಿ 10.20

ಹೋಗಿ ಬಂದೆ.

ಫೋಟೊ ಗುಂಪಿಗೆ ಹಾಕಲಿಲ್ಲ. 201ರ ಮೇಡಂ ಬಾಗಿಲು ತೆರೆದರು, ಮುಖ ಬಿಗಿದುಕೊಂಡೇ ಇದ್ದರು. ಮೊದಲು ಗೀರಿನ ಮಾತೆತ್ತಿದೆ. "ತಳ್ಳುವಾಗ ಯಾರದೋ ಬಳೆಯೋ ವಾಚೋ ತಾಗಿರಬಹುದು, ತಳ್ಳಿದವರಲ್ಲಿ ನಾನೂ ಒಬ್ಬಳು" ಎಂದೆ. ಅದು ನಿಜವೇ. ನನ್ನ ಕೈಯಲ್ಲಿ ಎರಡು ಬಳೆ ಇದ್ದವು. ಬಣ್ಣದ ಖರ್ಚನ್ನು ಸಂಘದಿಂದ ಕೊಡಲು ಸಭೆಯಲ್ಲಿ ಕೇಳುತ್ತೇನೆ ಎಂದೆ. ಅಷ್ಟರಲ್ಲಿ ಸರ್ ಹೊರಗೆ ಬಂದರು. ಕ್ರಯಪತ್ರ ತೋರಿಸಿ ಎಂದು ನಾನು ಕೇಳಲಿಲ್ಲ, ಅವರೇ ತಂದರು. ಕಾನೂನು ಓದುಗರು ಹೇಳಿದಂತೆಯೇ ಇತ್ತು. ಕಾರ್ ಪಾರ್ಕಿಂಗ್ ಸಹಿತ ಎಂದಿದೆ, ಸಂಖ್ಯೆ ಇಲ್ಲ. ಬಿಲ್ಡರ್ ಪೆನ್ನಿನಲ್ಲಿ ಗುರುತು ಹಾಕಿಕೊಟ್ಟ ಒಂದು ನಕಾಶೆ ಮಾತ್ರ ಇದೆ, ಅದಕ್ಕೆ ಸಹಿಯೂ ಇಲ್ಲ.

ಆಮೇಲೆ ಎಣ್ಣೆಯ ಫೋಟೊ ತೋರಿಸಿದೆ. ಸರ್ ಮಾತನಾಡಲಿಲ್ಲ. ಮೇಡಂ ಮೊಬೈಲ್ ಕೈಗೆ ತೆಗೆದುಕೊಂಡು ದೊಡ್ಡದು ಮಾಡಿ ನೋಡಿದರು. ಅವರ ಮನೆಯಲ್ಲಿ ಆರು ತಿಂಗಳ ಮೊಮ್ಮಗು ಇದೆ. "ರೀ, ನಾಳೆಯೇ ಕಾರು ತೆಗೆಯಿರಿ" ಎಂದರು, ಅಷ್ಟೇ.

ಮರುದಿನ ಕಾರು ಅಲ್ಲಿರಲಿಲ್ಲ. ಬೀದಿಯಲ್ಲಿ ನಿಂತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಗಲಿಲ್ಲ. ದುಡ್ಡು ಕೊಟ್ಟವರು ಬೀದಿಗೆ ಹೋದರು, ಕೊಡದವರು ಒಳಗಿದ್ದಾರೆ. ಇದನ್ನು ಹೀಗೆಯೇ ಬಿಟ್ಟರೆ ನಾವೆಲ್ಲ ಒಬ್ಬರಿಗೆ ಅನ್ಯಾಯ ಮಾಡಿದಂತೆ.

---

ಕಾನೂನು ಓದುಗ, ಜಯನಗರ
ಮಾರ್ಚ್ 14, ಬೆಳಿಗ್ಗೆ 8.00

ಘೋಷಣಾ ಪತ್ರ ಸಿಕ್ಕಿತೇ? ನಿಮ್ಮ ಸಂಘ 1972ರ ಕಾಯ್ದೆಯಡಿ ಇದೆಯೋ ಅಥವಾ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದೆಯೋ ಎಂಬುದನ್ನೂ ನೋಡಿ. ಬೆಂಗಳೂರಿನ ಎಷ್ಟೋ ಸಂಘಗಳು ಎರಡನೆಯದರಡಿ ನೋಂದಾಯಿಸಿಕೊಂಡು, ಮೊದಲನೆಯದರ ಅಧಿಕಾರ ತಮಗಿದೆ ಎಂದುಕೊಂಡಿವೆ.

---

ನೇಸರ, ಕತ್ರಿಗುಪ್ಪೆ
ಮಾರ್ಚ್ 24, ರಾತ್ರಿ 9.40

ಸಿಕ್ಕಿತು. ಪಾರ್ಕಿಂಗ್ ಬಗ್ಗೆ ಅದರಲ್ಲಿ ಇರುವುದು ಒಂದೇ ಸಾಲು, ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿ. ಸಂಘ 1972ರ ಕಾಯ್ದೆಯಡಿಯೇ ಇದೆ.

ನಿನ್ನೆ ಭಾನುವಾರ ಗಾರೆ ಕಂಬ ಅವರ ಮಾತಿನಂತೆ ಇಡೀ ನೆಲ ಅಳೆದೆವು. ಟೇಪಿನ ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಗೆ ವಾಚ್‌ಮನ್ ಬಂದರು, ಆಮೇಲೆ 201ರ ಸರ್ ತಾವೇ ಇಳಿದು ಬಂದು ಅವರ ಕೈಯಿಂದ ಟೇಪು ತೆಗೆದುಕೊಂಡರು. ಇಬ್ಬರೂ ಜನರೇಟರ್ ಪಕ್ಕ ಸ್ವಲ್ಪ ಹೊತ್ತು ಏನೋ ಮಾತನಾಡಿದರು. ನನಗೆ ಕೇಳಿಸಲಿಲ್ಲ, ನಾನು ಕೇಳಲೂ ಇಲ್ಲ. ಕಂಬದಿಂದ ಕಂಬಕ್ಕೆ 4.6 ಮೀಟರ್ ಬಂತು, ಎಂದರೆ ಎರಡು ಕಾರಿಗೆ ತಲಾ 2.3. ಹಿಂದಿನ ಮೂಲೆಯಲ್ಲಿ ಹಳೆಯ ಸೈಕಲ್, ಒಡೆದ ಕಮೋಡು, ಯಾರದೋ ಮಂಚದ ಹಲಗೆ ತುಂಬಿ ಒಂದು ಪೂರ್ತಿ ಕಾರಿನ ಜಾಗ ಮುಚ್ಚಿಹೋಗಿತ್ತು. ಗುಜರಿಯವರಿಗೆ ಕೊಟ್ಟೆವು. 201ರವರ ಕಾರು ಈಗ ಅಲ್ಲಿ ನಿಂತಿದೆ. ಜಾಗ ಒಂದು ಹೆಚ್ಚಾಯಿತು ಎಂದು ಹಿಗ್ಗಿದ್ದೆ. ಆದರೆ ಸಂಪಿನ ಮೇಲಿನದನ್ನು ಬಿಟ್ಟಿದ್ದರಿಂದ ಲೆಕ್ಕ ಮತ್ತೆ ಹನ್ನೊಂದೇ.

ಪೈಪಿನ ಕೆಲಸ ಮುಗಿದಿದೆ. ಪೈಪು ಬಂದರೂ ಮುಚ್ಚಳದ ಮೇಲೆ ಕಾರು ಬೇಡ ಎಂದು ಎಲ್ಲರೂ ಒಪ್ಪಿದರು. ಅಲ್ಲಿ ಸ್ಕೂಟರ್ ಕೂಡ ನಿಲ್ಲಿಸದಂತೆ ಹಳದಿ ಬಣ್ಣದ ಚೌಕ ಬರೆಸಿದೆವು. ಬಾಗಿಲಿನ ಬಣ್ಣದ ಖರ್ಚನ್ನು ಹದಿನಾರು ಮನೆಗೆ ಹಂಚಲು ಸಭೆ ಒಪ್ಪಿತು. ಎರಡು ಮನೆಯವರು ಕೊಡುವುದಿಲ್ಲ ಎಂದಿದ್ದಾರೆ.

ದೊಡ್ಡ ವಿಷಯ ಇನ್ನೂ ಬಾಕಿ. ಹತ್ತೊಂಬತ್ತು ಕಾರಿಗೆ ಹನ್ನೊಂದು ಜಾಗ. ಮನೆಗೊಂದು ಎಂದರೂ ಐದು ಮನೆಗೆ ಇಲ್ಲ. ಏಪ್ರಿಲ್ ಕೊನೆಯ ಭಾನುವಾರ ಸಾಮಾನ್ಯ ಸಭೆ ಕರೆದಿದ್ದೇನೆ. ದುಡ್ಡು ಕೊಟ್ಟಿರುವ ನಾಲ್ಕು ಮನೆಯವರಿಗೆ ಮೊದಲ ಐದು ವರ್ಷ ಖಾಯಂ, ಉಳಿದವರಿಗೆ ಚೀಟಿ, ಹೊರಗಿನವರಿಗೆ ಬಾಡಿಗೆ ನಿಷೇಧ ಎಂದು ಕರಡು ಬರೆದಿದ್ದೇನೆ. ಮೂರು ಮನೆಯವರು ಆಗಲೇ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ. ನಾನು ಬಾಗಿಲು ತಟ್ಟುವುದನ್ನು ಬಿಡುವುದಿಲ್ಲ.

ಗಾರೆ ಕಂಬ ಅವರೇ, ಒಂದು ಸಂಶಯ: ರಸ್ತೆಯ ಕಡೆಗಿರುವ ಆ ಪೈಪಿನ ಬಾಯಿಗೆ ಮಕ್ಕಳು ಕಲ್ಲು ತುರುಕುತ್ತಿದ್ದಾರೆ. ಏನು ಮಾಡಲಿ?

---

ಗಾರೆ ಕಂಬ, ವಿಜಯನಗರ
ಮಾರ್ಚ್ 25, ಬೆಳಿಗ್ಗೆ 6.50

ಪೈಪಿನ ಬಾಯಿಗೆ ತಿರುಪಿನ ಮುಚ್ಚಳ ಸಿಗುತ್ತದೆ, ಅದನ್ನು ಚಿಕ್ಕ ಸರಪಳಿಯಿಂದ ಗೋಡೆಗೆ ಬಿಗಿಸಿ, ಇಲ್ಲವಾದರೆ ಟ್ಯಾಂಕರಿನವರು ಎಲ್ಲೋ ಇಟ್ಟು ಮರೆತುಹೋಗುತ್ತಾರೆ. ಹೊರಗಿನಿಂದ ಒಂದು ಕಬ್ಬಿಣದ ಪೆಟ್ಟಿಗೆ ಹಾಕಿಸಿ ಬೀಗ ಹಾಕಿ. ಎರಡು ಕೀಲಿ ಮಾಡಿಸಿ: ಒಂದು ವಾಚ್‌ಮನ್ ಹತ್ತಿರ, ಒಂದು 201ರವರ ಹತ್ತಿರ.